ಮಳೆ ನೋಡಲು ಅಷ್ಟು ದೂರ

ನ್ಯೂಜಿಲೆಂಡಿನ ನಕಾಶೆ ಬಿಚ್ಚಿ ನೋಡಿದರೆ ದಕ್ಷಿಣ ದ್ವೀಪದ ಎಡಗಡೆ ಕೆಳಮೂಲೆ ಹಳೇ ಸೀರೆಯ ಸೆರಗಿನ ಹಾಗೆ ಎಳೆ ಎಳೆಯಾಗಿ ಹರಿದಿರುವುದು ಕಾಣುತ್ತದೆ. ಆ ಒಂದೊಂದು ಹರುಕಿನಲ್ಲೂ ಸಮುದ್ರ ಬೆಟ್ಟಗಳ ನಡುವೆ ಒಳಗೆ ನುಗ್ಗಿ ಕೂತಿದೆ. ಫಿಯೋರ್ಡ್ ಅನ್ನುತ್ತಾರೆ ಇದಕ್ಕೆ. ಅವುಗಳ ಪೈಕಿ ಉತ್ತರದ ತುದಿಯಲ್ಲಿರುವುದು ಮಿಲ್ಫರ್ಡ್ ಸೌಂಡ್. ಕಳೆದ ಮೂರು ತಿಂಗಳಿಂದ ನಮ್ಮ ಡೊಂಬಿವಲಿಯ ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗಲೆಲ್ಲ ಬರುವ ಮಾತು ಇದರದ್ದೇ. ಬರುವ ಏಪ್ರಿಲ್ ಕೊನೆಗೆ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗುವವರಿದ್ದೇವೆ.

ಸುದ್ದಿ ಕೇಳಿದ ನಮ್ಮ ಬ್ರಾಂಚಿನ ಮರಾಠಿ ಮಿತ್ರರೊಬ್ಬರು ಗೂಗಲ್ ಮಾಡಿ ನೋಡಿ ಗಾಬರಿಯಾಗಿ ಬಂದರು. "ಅಲ್ಲಿ ವರ್ಷದಲ್ಲಿ ಅರ್ಧ ದಿನ ಮಳೆಯಂತೆ! ಪಾವುಸ್ ಬಘಾಯ್ಲಾ ಏವ್ಢ್ಯಾ ಲಾಂಬ್?" ಮಳೆ ನೋಡೋದಕ್ಕೆ ಅಷ್ಟು ದೂರವಾ ಅಂತ. ಅವರು ಹೇಳಿದ್ದು ಸುಳ್ಳಲ್ಲ. ಮಿಲ್ಫರ್ಡಿನಲ್ಲಿ ವರ್ಷಕ್ಕೆ ಸುಮಾರು 6,800 ಮಿಲಿಮೀಟರ್ ಮಳೆ, ಹೆಚ್ಚುಕಡಿಮೆ 180 ದಿನ ಸುರಿಯುತ್ತದೆ. ಜನ ವಾಸ ಇರುವ ಜಾಗಗಳಲ್ಲಿ ಜಗತ್ತಿನ ಅತಿ ಹೆಚ್ಚು ಮಳೆಯ ಊರುಗಳ ಸಾಲಿನಲ್ಲಿ ಅದೂ ಒಂದು. ಮುಂಬೈಯವರಿಗೆ ಮಳೆ ಅಂದರೆ ಲೋಕಲ್ ನಿಲ್ಲುವುದು, ಸಾಯನ್ ಹತ್ತಿರ ಹಳಿ ಮುಳುಗುವುದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಾಗ ನಾನೂ ಎಲ್ಲರ ಹಾಗೆ ಸೊಂಟಮಟ್ಟದ ನೀರಿನಲ್ಲಿ ನಡೆದವನೇ. ದುಡ್ಡು ಕೊಟ್ಟು ಮಳೆಯ ಹತ್ತಿರ ಹೋಗುವುದೇ ಅಂತ ಅವರಿಗೆ ಅನ್ನಿಸಿದರೆ ಆಶ್ಚರ್ಯವೇನಿಲ್ಲ.

ಆದರೆ ನಾನು ಹುಟ್ಟಿದ್ದು ಆಗುಂಬೆ ಘಾಟಿಯ ಮೇಲುಗಡೆ, ತೀರ್ಥಹಳ್ಳಿ ಸೀಮೆಯಲ್ಲಿ. ಆಗುಂಬೆಯ ವಾರ್ಷಿಕ ಸರಾಸರಿ ಏಳೂವರೆ ಸಾವಿರ ಮಿಲಿಮೀಟರಿನ ಆಸುಪಾಸು. ಅಂದರೆ ಮಿಲ್ಫರ್ಡಿಗಿಂತ ಒಂದು ಕೈ ಮೇಲೇ! ವ್ಯತ್ಯಾಸ ಏನೆಂದರೆ ನಮ್ಮದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಹುಪಾಲು ಸುರಿದು ಮುಗಿಸುತ್ತದೆ. ಅವರದ್ದು ವರ್ಷಪೂರ್ತಿ ಕಂತಿನಲ್ಲಿ. ಕಾರಣ ಮಾತ್ರ ಒಂದೇ ಜಾತಿಯದು. ನಮ್ಮಲ್ಲಿ ಅರಬ್ಬೀ ಸಮುದ್ರದ ಗಾಳಿ ಸಹ್ಯಾದ್ರಿಗೆ ಬಡಿದು ಮೇಲೇರಿ ಮಳೆಯಾಗುತ್ತದೆ. ಅಲ್ಲಿ ಟಾಸ್ಮನ್ ಸಮುದ್ರದ ಮೇಲಿಂದ ಬೀಸುವ ಪಶ್ಚಿಮದ ಗಾಳಿ ದಕ್ಷಿಣ ಆಲ್ಪ್ಸ್ ಬೆಟ್ಟಸಾಲಿಗೆ ಬಡಿದು ಮಳೆಯಾಗುತ್ತದೆ. ಎರಡೂ ಕಡೆ ಗೋಡೆ ಪಶ್ಚಿಮಕ್ಕೇ ಮುಖ ಮಾಡಿ ನಿಂತಿದೆ.

ಹಾಗಾದರೆ ಆಗುಂಬೆಗೇ ಹೋಗಬಹುದಿತ್ತಲ್ಲ ಅಂತ ನೀವು ಕೇಳಬಹುದು. ನನ್ನ ತಮ್ಮನೂ ಅದನ್ನೇ ಕೇಳಿದ. ಅದಕ್ಕೆ ಉತ್ತರ ಹೇಳಬೇಕಾದರೆ ಒಂದು ಆರ್‌ಡಿ ಖಾತೆಯ ವಿಷಯ ಹೇಳಬೇಕು.

ನಮ್ಮ ಊರಿನ ಮನೆ ಹೆಂಚಿನದು. ಮಲೆನಾಡಿನವರಿಗೆ ಗೊತ್ತು, ಪ್ರತಿವರ್ಷ ಮೇ ತಿಂಗಳಲ್ಲಿ ಹೆಂಚು ಕೈಯಾಡಿಸದಿದ್ದರೆ ಜೂನ್‌ನಲ್ಲಿ ಮನೆತುಂಬ ಪಾತ್ರೆ ಇಟ್ಟುಕೊಂಡು ಕೂರಬೇಕು. ಮರದ ಪಕಾಸು, ರೀಪುಗಳಿಗೆ ಗೆದ್ದಲು ಹಿಡಿದಿತ್ತು. ಇಡೀ ಮಾಡನ್ನೇ ಇಳಿಸಿ ಹೊಸದು ಮಾಡಬೇಕು ಅಂತ ಅಮ್ಮನಿಗೆ ಬಹಳ ಇತ್ತು. ಅದಕ್ಕಾಗಿ 2015ರಲ್ಲಿ ತಿಂಗಳಿಗೆ ಮೂರು ಸಾವಿರದ ಹಾಗೆ ಹತ್ತು ವರ್ಷದ ಆರ್‌ಡಿ ಶುರು ಮಾಡಿದೆ. ಮನೆಯಲ್ಲಿ ಅದಕ್ಕೆ 'ಮಾಡಿನ ದುಡ್ಡು' ಅಂತಲೇ ಹೆಸರು. 2023ರಲ್ಲಿ ಅಮ್ಮ ಹೋದರು. ಮರುವರ್ಷ ತಮ್ಮ ಹಳೇ ಮಾಡು ತೆಗೆದು ಟೆರೇಸ್ ಹಾಕಿಸಿದ. "ನಿನ್ನ ದುಡ್ಡು ಬೇಡ ಅಣ್ಣ, ಅಡಿಕೆ ರೇಟು ಚೆನ್ನಾಗಿದೆ" ಅಂದ. ಒಳ್ಳೆಯ ಕೆಲಸವೇ. ಈಗ ಮನೆ ಸೋರುವುದಿಲ್ಲ. ಆದರೆ ಒಳಗೆ ಮಲಗಿದರೆ ಮಳೆಯ ಸದ್ದೂ ಕೇಳುವುದಿಲ್ಲ.

ಆರ್‌ಡಿ ಮಾತ್ರ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಪ್ರಕಾರ ತಿಂಗಳು ತಿಂಗಳು ಕಟ್ಟಿಕೊಂಡು ಹೋಗಿ 2025ರಲ್ಲಿ ಮೆಚ್ಯೂರ್ ಆಯಿತು. ಐದೂವರೆ ಲಕ್ಷ ಚಿಲ್ಲರೆ. ಎಫ್‌ಡಿಗೆ ಹಾಕೋಣ ಅಂತ ನಾನು. ಪುಣೆಯಲ್ಲಿರುವ ಮಗಳು, "ಅಪ್ಪ, ಅದು ಅಜ್ಜಿ ದುಡ್ಡು. ಬಡ್ಡಿಗೆ ಹಾಕಬೇಡ, ಎಲ್ಲಾದರೂ ಹೋಗಿ ಬನ್ನಿ" ಅಂದಳು. ಎಲ್ಲಿಗೆ ಅಂತ ನಮಗೆ ತೋಚಲಿಲ್ಲ. ಯಾಕೆಂದರೆ ಮೂವತ್ತೊಂದು ವರ್ಷದಲ್ಲಿ ನಮ್ಮ ರಜೆಯೆಲ್ಲ ಖರ್ಚಾದದ್ದು ಊರಿಗೆ. ಮದುವೆ, ಉಪನಯನ, ಗೃಹಪ್ರವೇಶ, ತಿಥಿ. ಹೊರನಾಡಿನಲ್ಲಿರುವ ನಿಮಗೆಲ್ಲ ಇದು ಗೊತ್ತಿರುವ ಲೆಕ್ಕವೇ. ಕೊನೆಗೆ ನನ್ನ ಹೆಂಡತಿ ಒಂದು ಮಾತು ಹೇಳಿದಳು: "ಎಲ್ಲಿಗಾದರೂ ಆಗಲಿ ಮಾರಾಯ್ರೆ, 'ಯಾವಾಗ ಬಂದ್ರಿ, ಯಾವಾಗ ಹೋಗ್ತೀರಿ' ಅಂತ ಯಾರೂ ಕೇಳದ ಒಂದು ಜಾಗಕ್ಕೆ ಹೋಗೋಣ."

ಈ ಎರಡು ಪ್ರಶ್ನೆ ಮೂವತ್ತು ವರ್ಷ ಕೇಳಿಸಿಕೊಂಡವರಿಗೆ ಮಾತ್ರ ಅದರ ತೂಕ ಗೊತ್ತು. ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ. ಆದರೂ ಬಸ್ಸಿಳಿದ ಮೊದಲ ಗಳಿಗೆಯಲ್ಲೇ ಹೊರಡುವ ತಾರೀಖು ಹೇಳಬೇಕಾಗುತ್ತದೆ. ಅಮ್ಮ ಒಬ್ಬಳು ಕೇಳುತ್ತಿರಲಿಲ್ಲ.

ಮಿಲ್ಫರ್ಡಿನ ಹೆಸರು ತಂದವಳು ಮಗಳು. ಅವಳು ಕಳಿಸಿದ ಒಂದು ವಿಡಿಯೋದಲ್ಲಿ ಬಿಸಿಲೇ ಇರಲಿಲ್ಲ. ಕಪ್ಪು ಬಂಡೆಯ ಗೋಡೆಗಳು, ಅರ್ಧಕ್ಕೆ ಮೋಡ, ಮೋಡದೊಳಗಿಂದ ನೂರಾರು ಬಿಳಿ ಗೆರೆಗಳಾಗಿ ಇಳಿಯುವ ನೀರು. ಹೆಂಡತಿ ಎರಡು ಸಲ ನೋಡಿ "ಇದು ನಮ್ಮ ಆಷಾಢದ ಹಾಗೇ ಇದೆಯಲ್ಲ" ಅಂದಳು. ಅಲ್ಲಿಗೆ ತೀರ್ಮಾನ ಆಯಿತು.

ಇರಲಿ, ಈಗ ಜಾಗದ ವಿಷಯಕ್ಕೆ ಬರೋಣ. ನಾನು ಬಿ.ಕಾಂ ಓದಿದವನು, ಭೂಗೋಳ ಹೈಸ್ಕೂಲಿಗೇ ಮುಗಿದಿತ್ತು. ಆದರೆ ದುಡ್ಡು ಹಾಕುವ ಮೊದಲು ಪ್ರಾಜೆಕ್ಟ್ ರಿಪೋರ್ಟ್ ಓದುವುದು ನಮ್ಮ ವೃತ್ತಿಯ ಚಾಳಿ.

ಸಹ್ಯಾದ್ರಿಯ ಕಣಿವೆಗಳನ್ನು ಕೊರೆದದ್ದು ನದಿಗಳು, ಅದಕ್ಕೇ ಅವು ಕೆಳಗೆ ಚೂಪಾಗಿ ಇಂಗ್ಲಿಷಿನ 'ವಿ' ಅಕ್ಷರದಂತೆ ಇರುತ್ತವೆ. ಫಿಯೋರ್ಡನ್ನು ಕೊರೆದದ್ದು ಹಿಮನದಿ. ನೂರಾರು ಮೀಟರ್ ದಪ್ಪದ ಮಂಜುಗಡ್ಡೆ ಸಾವಿರಾರು ವರ್ಷ ಇಂಚಿಂಚಾಗಿ ಜಾರುತ್ತಾ, ತಳದಲ್ಲಿ ಸಿಕ್ಕ ಕಲ್ಲುಗಳನ್ನೇ ಉಜ್ಜುಗೊರಡು ಮಾಡಿಕೊಂಡು ಬೆಟ್ಟವನ್ನು ಕೆತ್ತುತ್ತದೆ. ಆದ್ದರಿಂದ ಕಣಿವೆ 'ಯು' ಆಕಾರ, ಗೋಡೆ ನೆಟ್ಟಗೆ. ಹಿಮಯುಗ ಮುಗಿದು ಮಂಜು ಕರಗಿದಾಗ ಸಮುದ್ರ ಒಳಗೆ ಬಂತು. ಸುಮಾರು 15 ಕಿಲೋಮೀಟರ್ ಉದ್ದ, ಆಳ ಹೆಚ್ಚೆಂದರೆ ಮುನ್ನೂರು ಮೀಟರಿಗೆ ತುಸು ಕಡಿಮೆ. ವಿಚಿತ್ರ ಏನೆಂದರೆ ಸಮುದ್ರ ಸೇರುವ ಬಾಯಿಯ ಹತ್ತಿರ ಆಳ ಬಹಳ ಕಡಿಮೆ. ಹಿಮನದಿಯ ಕೊರೆಯುವ ಬಲ ಕುಗ್ಗಿದ್ದೂ, ಹೊತ್ತು ತಂದ ಕಲ್ಲುಮಣ್ಣನ್ನು ಇಳಿಸಿದ್ದೂ ಅಲ್ಲೇ. ನಮ್ಮ ಹಳೇ ಮನೆಗಳ ಹೊಸಿಲಿದ್ದಂತೆ. ಒಳಗೆ ಬರಬೇಕಾದರೆ ದಾಟಿ ಬರಬೇಕು.

ಹೆಸರಿನಲ್ಲೂ ಒಂದು ತಮಾಷೆ ಇದೆ. ನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿದರೆ ಅದು ಸೌಂಡ್, ಹಿಮನದಿ ಕೊರೆದದ್ದಾದರೆ ಫಿಯೋರ್ಡ್. ಆ ಲೆಕ್ಕದಲ್ಲಿ ಮಿಲ್ಫರ್ಡ್ 'ಸೌಂಡ್' ಅನ್ನುವುದೇ ತಪ್ಪು ಹೆಸರು. ನಾವಿಕರು ಇಟ್ಟದ್ದು, ಉಳಿದುಬಿಟ್ಟಿತು. ಕ್ಯಾಪ್ಟನ್ ಕುಕ್ 1770ರಲ್ಲಿ ಈ ಕರಾವಳಿಯ ಪಕ್ಕದಲ್ಲೇ ಹಾದುಹೋದರೂ ಇದರೊಳಗೆ ಬರಲಿಲ್ಲ. ಬಾಯಿ ಅಷ್ಟು ಕಿರಿದು, ಹೊರಗಿನಿಂದ ನೋಡಿದರೆ ಬೆಟ್ಟದ ಹಿಂದೆ ಬೆಟ್ಟ. ಮಾವೊರಿಗಳ ಹೆಸರು ಪಿಯೋಪಿಯೋತಾಹಿ. ಪಿಯೋಪಿಯೋ ಅಂದರೆ ಒಂದು ಹಕ್ಕಿ, ತಾಹಿ ಅಂದರೆ ಒಂದು. ಒಂಟಿ ಹಕ್ಕಿಯ ಜಾಗ. ಆ ಹಕ್ಕಿ ಈಗ ಭೂಮಿಯ ಮೇಲೆ ಇಲ್ಲ, ಹೆಸರಿನಲ್ಲಿ ಮಾತ್ರ ಇದೆ. 1998ರ ಕಾನೂನಿನ ನಂತರ ಎರಡೂ ಹೆಸರನ್ನು ಸೇರಿಸಿಯೇ ಅಧಿಕೃತವಾಗಿ ಬರೆಯುತ್ತಾರೆ.

ಎತ್ತರದ ವಿಷಯಕ್ಕೆ ಬಂದರೆ ನಮ್ಮವರಿಗೆ ಹೆಮ್ಮೆ ಪಡಲು ಅವಕಾಶ ಇದೆ. ಅಲ್ಲಿನ ಪ್ರಸಿದ್ಧ ಮೈಟರ್ ಪೀಕ್ ಸುಮಾರು 1,690 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ಮೀಟರಿಗೂ ಹೆಚ್ಚು. ಅಲ್ಲಿ ವರ್ಷವಿಡೀ ಬೀಳುವ ಬೋವನ್ ಮತ್ತು ಸ್ಟರ್ಲಿಂಗ್ ಜಲಪಾತಗಳು 150ರಿಂದ 160 ಮೀಟರ್. ಜೋಗ 253. ಆದರೆ ಮುಳ್ಳಯ್ಯನಗಿರಿಯನ್ನು ನಾವು ನೋಡುವುದು ಆಗಲೇ ಸಾವಿರ ಮೀಟರ್ ಎತ್ತರದಲ್ಲಿ ನಿಂತು. ಮೈಟರ್ ಪೀಕಿನ ಪಾದ ಸಮುದ್ರದಲ್ಲೇ ಇದೆ. ದೋಣಿಯಲ್ಲಿ ಕೂತವನ ಕತ್ತು ನೀರಿನ ಮಟ್ಟದಿಂದ ಶಿಖರದವರೆಗೆ ಒಂದೇ ಏರಿನಲ್ಲಿ ಎತ್ತಬೇಕು.

ನನಗೆ ಬಹಳ ಹಿಡಿಸಿದ್ದು ಅಲ್ಲಿನ ಕಾಡಿನ ವಿಷಯ. ಆ ನೆಟ್ಟಗಿನ ಬಂಡೆಗೆ ಮಣ್ಣೇ ಇಲ್ಲ. ಪಾಚಿ ಹಿಡಿದ ಬಿರುಕಿನಲ್ಲಿ ಮೊದಲ ಸಸಿ ಹುಟ್ಟುತ್ತದೆ. ಆಮೇಲಿನ ಮರಗಳು ಒಂದರ ಬೇರನ್ನು ಇನ್ನೊಂದು ಹೆಣೆದುಕೊಂಡು ನಿಲ್ಲುತ್ತವೆ. ನೆಲ ಹಿಡಿದಿರುವುದಕ್ಕಿಂತ ಹೆಚ್ಚಾಗಿ ಅವು ಪರಸ್ಪರ ಹಿಡಿದುಕೊಂಡಿವೆ. ಜೋರು ಮಳೆಯಲ್ಲಿ ಮೇಲಿನ ಒಂದು ಮರ ಸಡಿಲವಾದರೆ ಕೆಳಗಿನದ್ದೆಲ್ಲ ಸಾಲಾಗಿ ಎಳೆದುಕೊಂಡು ನೀರಿಗೆ ಬೀಳುತ್ತವೆ. ಬಂಡೆ ಬೋಳಾಗುತ್ತದೆ. ಮತ್ತೆ ಪಾಚಿಯಿಂದ ಶುರು. ಇದನ್ನು ಓದಿದಾಗ ನನಗೆ ನಮ್ಮ ಡೊಂಬಿವಲಿಯ ಕನ್ನಡಿಗರ ನೆನಪಾಯಿತು. ನಮ್ಮ ಕಾಲಡಿಯೂ ಅಷ್ಟೇ ಮಣ್ಣು ಇರುವುದು.

ಮಳೆಯ ನೀರು ಕಾಡಿನ ಎಲೆ, ತೊಗಟೆಯ ಕಷಾಯ ಹೊತ್ತು ಇಳಿದು ಫಿಯೋರ್ಡಿನ ಉಪ್ಪುನೀರಿನ ಮೇಲೆ ಸಿಹಿನೀರಿನ ಒಂದು ಪದರವಾಗಿ ತೇಲುತ್ತದೆ, ಚಹಾದ ಬಣ್ಣದಲ್ಲಿ. ಅದು ಬೆಳಕನ್ನು ತಡೆಯುವುದರಿಂದ ಬೇರೆಡೆ ಬಹಳ ಆಳದಲ್ಲಿರುವ ಕಪ್ಪು ಹವಳ ಇಲ್ಲಿ ಮೇಲ್ಮಟ್ಟದಲ್ಲೇ ಬೆಳೆಯುತ್ತದೆ. ಅಂದರೆ ಮೇಲೆ ಜಲಪಾತ, ನಡುವೆ ಕಾಡು, ಕೆಳಗೆ ಹವಳ, ಎಲ್ಲಕ್ಕೂ ಮಳೆಯೇ ಯಜಮಾನ. ಬಿಸಿಲಿನ ದಿನ ಹೋದವರಿಗೆ ಒಳ್ಳೆಯ ಫೋಟೋ ಸಿಗುತ್ತದೆ, ಆದರೆ ಜಲಪಾತ ಬೆರಳೆಣಿಕೆಯಷ್ಟು. ಮಳೆ ಬಂದಾಗ ನೂರಾರು ಹುಟ್ಟುತ್ತವೆ, ನಿಂತ ಸ್ವಲ್ಪ ಹೊತ್ತಿನಲ್ಲೇ ಮಾಯ. ಹಾಗಾಗಿ 'ಮಳೆ ಬರದಿರಲಿ' ಅಂತ ಹರಕೆ ಹೊತ್ತು ಅಲ್ಲಿಗೆ ಹೋಗುವುದರಲ್ಲಿ ಅರ್ಥವಿಲ್ಲ. ನಮ್ಮ ಯೋಜನೆ ಎಲ್ಲ ಮಳೆ ಬರುತ್ತದೆ ಅನ್ನುವ ಲೆಕ್ಕದ ಮೇಲೇ ನಿಂತಿದೆ.

ಟ್ರಾವೆಲ್ ಏಜೆಂಟರ ಪ್ಯಾಕೇಜಿನಲ್ಲಿ ಮಿಲ್ಫರ್ಡಿಗೆ ಇದ್ದದ್ದು ಒಂದೇ ದಿನ. ಬೆಳಗಾಗುವ ಮೊದಲು ಕ್ವೀನ್ಸ್‌ಟೌನಿನಿಂದ ಬಸ್ಸು, ಮಧ್ಯಾಹ್ನ ದೋಣಿ, ರಾತ್ರಿ ವಾಪಸ್. ನಕಾಶೆಯಲ್ಲಿ ಎರಡೂ ಪಕ್ಕಪಕ್ಕದ ಊರು. ರಸ್ತೆಯಲ್ಲಿ ಮಾತ್ರ ಸುಮಾರು 290 ಕಿಲೋಮೀಟರ್, ಯಾಕೆಂದರೆ ನಡುವಿನ ಬೆಟ್ಟಸಾಲು ಬಳಸಿಕೊಂಡೇ ಬರಬೇಕು. ಹನ್ನೆರಡು ಗಂಟೆಯ ಮೇಲೆ ಪ್ರಯಾಣ ಮಾಡಿ ಎರಡು ಗಂಟೆ ನೀರಿನ ಮೇಲೆ! ನನ್ನ ಹೆಂಡತಿಯ ಮೊಣಕಾಲಿಗೆ ಅದು ಆಗುವ ಮಾತಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಒಂದು ದಿನ ರಸ್ತೆ ಮುಚ್ಚಿದರೆ ಇಷ್ಟು ದೂರ ಹೋದದ್ದು ನೀರಿಗೆ ಹೋಮ.

ರಸ್ತೆ ಮುಚ್ಚುವುದು ಅಪರೂಪವೂ ಅಲ್ಲ. ಮಿಲ್ಫರ್ಡಿಗೆ ಇರುವುದು ಅದೊಂದೇ ರಸ್ತೆ. ಕೊನೆಯಲ್ಲಿ ಬೆಟ್ಟದ ಹೊಟ್ಟೆ ಕೊರೆದ 1.2 ಕಿಲೋಮೀಟರಿನ ಹೋಮರ್ ಸುರಂಗ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, 1935ರಲ್ಲಿ, ಕೆಲಸವಿಲ್ಲದವರ ಕೈಗೆ ಗುದ್ದಲಿ ಪಿಕಾಸಿ ಕೊಟ್ಟು ಶುರು ಮಾಡಿದ್ದು. ಹಿಮಕುಸಿತ, ಸಾವುನೋವು, ಯುದ್ಧ ಎಲ್ಲ ದಾಟಿ ವಾಹನಗಳಿಗೆ ತೆರೆದದ್ದು 1954ರಲ್ಲಿ. ಚಳಿಗಾಲದಲ್ಲಿ ಹಿಮಕುಸಿತದ ಭಯಕ್ಕೆ ರಸ್ತೆ ಮುಚ್ಚುತ್ತಾರೆ. 2020ರ ಫೆಬ್ರುವರಿಯಲ್ಲಿ ಎರಡು ಮೂರು ದಿನದಲ್ಲಿ ಒಂದು ಮೀಟರಿಗೂ ಹೆಚ್ಚು ಮಳೆ ಸುರಿದು ರಸ್ತೆಯೇ ಅಲ್ಲಲ್ಲಿ ಕೊಚ್ಚಿಹೋಗಿತ್ತು.

ಆದ್ದರಿಂದ ಪ್ಯಾಕೇಜ್ ಬಿಟ್ಟೆವು. ತೆ ಆನಾವು ಅನ್ನುವ ಸರೋವರದ ದಂಡೆಯ ಊರಿನಲ್ಲಿ ಮೂರು ರಾತ್ರಿ ಉಳಿಯುವುದು ಅಂತ ನಿರ್ಧಾರ. ಅಲ್ಲಿಂದ ಮಿಲ್ಫರ್ಡಿಗೆ ಸುಮಾರು 120 ಕಿಲೋಮೀಟರ್, ಎರಡು ಗಂಟೆ ದಾರಿ. ಮೊದಲ ದಿನ ದೋಣಿ, ಎರಡನೇ ದಿನ ಖಾಲಿ. ರಸ್ತೆ ಮುಚ್ಚಿದರೆ ಆ ಖಾಲಿ ದಿನ ನಮ್ಮ ಇನ್ಶೂರೆನ್ಸ್. ಮುಚ್ಚದಿದ್ದರೆ ಸರೋವರದ ದಂಡೆಯ ಮೇಲೆ ಸುಮ್ಮನೆ ಕೂರುವುದು. ಈ ಸುಮ್ಮನೆ ಕೂರುವುದನ್ನು ಬರೆಯಲು ಮಗಳ ಎಕ್ಸೆಲ್ ಶೀಟಿನಲ್ಲಿ ಕಾಲಂ ಇರಲಿಲ್ಲ, ಸೇರಿಸಿದ್ದೇವೆ. ಅವರೂ ನಮ್ಮ ಹಾಗೆ ಎಡಗಡೆಯೇ ಗಾಡಿ ಓಡಿಸುತ್ತಾರೆ. ಆದರೂ ನಾನು ಬಸ್ಸಿಗೇ ಸೈ. ಜೀವಮಾನವೆಲ್ಲ ಲೋಕಲ್ಲಿನಲ್ಲಿ ಓಡಾಡಿದವನು ಹಿಮದ ರಸ್ತೆಯಲ್ಲಿ ಶೌರ್ಯ ತೋರಿಸಬೇಕಾಗಿಲ್ಲ.

ಏಪ್ರಿಲ್ ಕೊನೆ ಯಾಕೆ? ಅಲ್ಲಿ ಬೇಸಿಗೆ ಡಿಸೆಂಬರಿನಿಂದ ಫೆಬ್ರುವರಿ, ಆಗ ಜನಸಾಗರ, ರೇಟೂ ಹಾಗೇ. ಮಾರ್ಚ್‌ನಲ್ಲಿ ಬ್ಯಾಂಕಿನವನು ರಜೆ ಕೇಳಿದರೆ ಮ್ಯಾನೇಜರ್ ನಗುತ್ತಾರೆ. ಕ್ಲೋಸಿಂಗ್ ಮುಗಿದು, ಸ್ಟ್ಯಾಚ್ಯುಟರಿ ಆಡಿಟ್ ದಾಟಿ, ಹಿಮಕುಸಿತದ ಕಾಲ ಶುರುವಾಗುವ ಮೊದಲು ಸಿಗುವ ಸಂದು ಅದೊಂದೇ.

ದುಡ್ಡಿನ ವಿಷಯ ಕೇಳುವವರು ಇದ್ದೇ ಇರುತ್ತೀರಿ, ನಾಲ್ಕು ಮಾತು ಹೇಳುತ್ತೇನೆ. ಬ್ಯಾಂಕಿನವರಿಗೆ ಎಲ್‌ಟಿಸಿ ಇದೆಯಲ್ಲ ಅನ್ನಬೇಡಿ. ಆ ತೆರಿಗೆ ವಿನಾಯಿತಿ ಭಾರತದೊಳಗಿನ ಪ್ರಯಾಣಕ್ಕೆ ಮಾತ್ರ ಅಂತ ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ವಿದೇಶಿ ಟೂರ್ ಪ್ಯಾಕೇಜಿಗೆ ದುಡ್ಡು ಕಟ್ಟುವಾಗ ಟಿಸಿಎಸ್ ಅಂತ ಹಿಡಿಯುತ್ತಾರೆ. 2023ರಿಂದೀಚೆಗೆ ಅದರ ನಿಯಮ ಹಲವು ಸಲ ಬದಲಾಗಿರುವುದರಿಂದ ನೀವು ಕಟ್ಟುವ ದಿನದ ದರ ಕೇಳಿಕೊಳ್ಳಿ. ಅದು ಖರ್ಚಲ್ಲ, ರಿಟರ್ನ್ಸ್ ಹಾಕುವಾಗ ಹೊಂದಿಕೆಯಾಗುತ್ತದೆ. ಆದರೆ ಅಷ್ಟು ದಿನ ಕೈಯಲ್ಲಿ ಇರುವುದಿಲ್ಲ, ಬಜೆಟ್ಟಿನಲ್ಲಿ ಎತ್ತಿಡಬೇಕು. ನ್ಯೂಜಿಲೆಂಡಿನ ಪ್ರವಾಸಿ ಲೆವಿ 2024ರ ಅಕ್ಟೋಬರಿನಲ್ಲಿ 35 ಡಾಲರಿನಿಂದ 100 ಡಾಲರಿಗೆ ಏರಿತು, ಅವರ ಡಾಲರಿನಲ್ಲಿ. ವೀಸಾಕ್ಕೆ ಖರ್ಚಿಗೆ ದುಡ್ಡಿದೆ ಅಂತ ತೋರಿಸಬೇಕು. ಮೂವತ್ತು ವರ್ಷ ಊರವರಿಗೆಲ್ಲ ಬ್ಯಾಲೆನ್ಸ್ ಸರ್ಟಿಫಿಕೇಟಿಗೆ ಸಹಿ ಹಾಕಿದವನು ಮೊನ್ನೆ ನನ್ನದಕ್ಕೆ ಜೂನಿಯರ್ ಹುಡುಗಿಯ ಮುಂದೆ ಅರ್ಜಿ ಹಿಡಿದು ನಿಂತೆ.

ತಿಂಡಿಯ ಬಗ್ಗೆ ಎಚ್ಚರ. ಆ ದೇಶದವರು ಹೊರಗಿನ ಬೀಜ, ಹಣ್ಣು, ಜೇನುತುಪ್ಪ ಒಳಗೆ ಬಿಡುವುದಿಲ್ಲ. ತಂದ ತಿನಿಸನ್ನೆಲ್ಲ ಫಾರಂನಲ್ಲಿ ಬರೆಯಬೇಕು, ಬರೆಯದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಬೂಟಿಗೆ ಮೆತ್ತಿದ ಮಣ್ಣನ್ನೂ ನೋಡುತ್ತಾರೆ. ನನ್ನ ನಡೆಯುವ ಬೂಟು ಹೋದ ಸಲ ತೋಟದಲ್ಲಿ ತಿರುಗಿದ್ದು, ಅಡಿಯಲ್ಲಿ ಕೆಂಪುಮಣ್ಣು ಗಟ್ಟಿಯಾಗಿ ಕೂತಿತ್ತು. ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ ತೆಗೆದೆ. ಅರ್ಧ ಗಂಟೆ ಹಿಡಿಯಿತು.

ಇನ್ನು ನುಸಿಯ ವಿಷಯ. ಮಿಲ್ಫರ್ಡಿನಲ್ಲಿ ಜನರನ್ನು ಕಾಡುವುದು ಮಳೆಯಲ್ಲ, ಸ್ಯಾಂಡ್‌ಫ್ಲೈ ಅನ್ನುವ ಕಚ್ಚುವ ನುಸಿ. ನಮ್ಮ ಕಡೆ ಉಂಬಳ ಇದ್ದ ಹಾಗೆ. ಅದಕ್ಕೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ತೋಟಕ್ಕೆ ಇಳಿಯುತ್ತಿದ್ದೆವು, ಇದಕ್ಕೆ ಟ್ಯೂಬಿನ ಮುಲಾಮು. ಮಾವೊರಿಗಳಲ್ಲಿ ಒಂದು ಕತೆ ಇದೆ. ತೂ-ತೆ-ರಾಕಿ-ಫಾನೊವಾ ಎಂಬ ದೈವಪುರುಷ ಬಾಚಿಯಿಂದ ಕೆತ್ತುತ್ತಾ ದಕ್ಷಿಣದಿಂದ ಉತ್ತರಕ್ಕೆ ಈ ಫಿಯೋರ್ಡುಗಳನ್ನು ಮಾಡಿದನಂತೆ. ಕೈ ಪಳಗಿ ಕೊನೆಗೆ ಮಾಡಿದ್ದು ಪಿಯೋಪಿಯೋತಾಹಿ, ಅದಕ್ಕೇ ಅದು ಅಷ್ಟು ಚಂದ. ಅದನ್ನು ನೋಡಿದ ಮೃತ್ಯುದೇವತೆಗೆ ಚಿಂತೆ ಹತ್ತಿತು. ಇಷ್ಟು ಚಂದದ ಜಾಗಕ್ಕೆ ಬಂದ ಮನುಷ್ಯರು ಇಲ್ಲೇ ಶಾಶ್ವತವಾಗಿ ಉಳಿದುಬಿಡುತ್ತಾರೆ ಅಂತ. ಅದಕ್ಕೆ ಅವಳು ನುಸಿಗಳನ್ನು ಬಿಟ್ಟಳಂತೆ, ಬಂದವರು ನೋಡಿ ಹೊರಡಲಿ ಅಂತ.

ಇದನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ನಕ್ಕು, "ಅಲ್ಲೂ ಕೇಳುವವರು ಇದ್ದಾರೆ ಅನ್ನಿ, ಯಾವಾಗ ಹೋಗ್ತೀರಿ ಅಂತ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ತಮ್ಮನಿಗೆ ಫೋನ್ ಮಾಡಿ ಹೇಳಿ, ಈ ಸಲ ಮೇನಲ್ಲಿ ಅಲ್ಲ, ಆಷಾಢದಲ್ಲಿ ಬರ್ತೀವಿ ಅಂತ. ಮಳೆ ಇರುವಾಗ ನಾವು ಊರಿಗೆ ಹೋಗಿ ಎಷ್ಟು ವರ್ಷ ಆಯ್ತು?" ಅಂದಳು. ಲೆಕ್ಕ ಹಾಕಿದೆ. ಮಗಳ ಶಾಲೆ, ನಮ್ಮ ರಜೆ, ಎಲ್ಲ ಮೇ ತಿಂಗಳಿಗೇ ಹೊಂದಿಸಿಕೊಂಡು ಮೂವತ್ತೊಂದು ವರ್ಷದಲ್ಲಿ ನಾನು ಊರಿನ ಮಳೆಗಾಲ ನೋಡಿದ್ದು ಎರಡೇ ಸಲ. ಅಪ್ಪ ಹೋದಾಗ ಒಮ್ಮೆ, ಅಮ್ಮ ಹೋದಾಗ ಒಮ್ಮೆ.

ತಮ್ಮನಿಗೆ ಫೋನ್ ಮಾಡಿದ್ದೇನೆ. ಎರಡು ಟಿಕೆಟ್ಟೂ ಬುಕ್ ಆಗಿವೆ, ಸಿಂಗಾಪುರದ ದಾರಿಯಾಗಿ ಹೋಗುವ ವಿಮಾನದ್ದೂ, ಜುಲೈ ತಿಂಗಳ ರೈಲಿನದ್ದೂ. ಇನ್ನು ಉಳಿದಿರುವುದು ರೇನ್‌ಕೋಟ್ ಆರಿಸುವುದು. ಫಿಯೋರ್ಡಿನ ಗಾಳಿಗೆ ಕೊಡೆ ನಿಲ್ಲುವುದಿಲ್ಲವಂತೆ, ಆಗುಂಬೆಯ ಗಾಳಿಗೆ ನಿಲ್ಲುವುದಿಲ್ಲ ಅಂತ ನನಗೇ ಗೊತ್ತು. ಎರಡೂ ಕಡೆಗೆ ಆಗುವಂಥದ್ದು ಒಂದೇ ತೆಗೆದುಕೊಳ್ಳೋಣ ಅಂತಿದ್ದೇವೆ. ಮಿಲ್ಫರ್ಡಿಗೆ ಹೋಗಿ ಬಂದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಯಾವುದು ಒಳ್ಳೆಯದು ಅಂತ ದಯವಿಟ್ಟು ತಿಳಿಸಿ.